ಆಟಗಾರನ ಆತ್ಮವಿಶ್ವಾಸ: ಗಳಿಕೆ ಮತ್ತು ಉಳಿಕೆ

ಕ್ರೀಡಾಂಗಣದಲ್ಲಿ ಸೋಲು-ಗೆಲುವುಗಳನ್ನು ನಿರ್ಧರಿಸುವ ಸಂಗತಿಗಳು ಹಲವು. ದೇಹಬಲ, ವೇಗ, ಕೌಶಲ, ಒಳ್ಳೆಯ ಆಹಾರ, ಒಳ್ಳೆಯ ತರಬೇತಿ ಇವೆಲ್ಲವೂ ಬೇಕು. ಆದರೆ ಇವೆಲ್ಲವೂ ಸರಿಸಮನಾಗಿರುವ ಇಬ್ಬರು ಆಟಗಾರರಲ್ಲಿ ಒಬ್ಬನು ತನ್ನ ಶಕ್ತಿಯನ್ನೆಲ್ಲ ಕಣದಲ್ಲಿ ಸುರಿದು ಬರುತ್ತಾನೆ. ಇನ್ನೊಬ್ಬನು ಅರ್ಧ ಶಕ್ತಿಯನ್ನು ಒಳಗೇ ಇಟ್ಟುಕೊಂಡು ಮರಳುತ್ತಾನೆ. ಈ ವ್ಯತ್ಯಾಸಕ್ಕೆ ನಾವು ಆತ್ಮವಿಶ್ವಾಸವೆಂದು ಹೆಸರಿಡುತ್ತೇವೆ. ಹೆಸರಿಟ್ಟು ಸುಮ್ಮನಾಗುತ್ತೇವೆ. ಅದು ಎಲ್ಲಿಂದ ಬರುತ್ತದೆ, ಹೇಗೆ ಬೆಳೆಯುತ್ತದೆ, ಬಂದದ್ದು ಏಕೆ ಕೈಬಿಟ್ಟು ಹೋಗುತ್ತದೆ ಎಂಬುದನ್ನು ವಿಚಾರಿಸುವವರು ವಿರಳ.

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಈ ವಿಷಯವನ್ನೇ ಆರಿಸಿಕೊಂಡೆನು. ಇದೇ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಇಚಲಕರಂಜಿ ಹಾಗೂ ಗಡಹಿಂಗ್ಲಜಗಳಲ್ಲಿ 29 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದ ನನಗೆ ಒಂದು ಸಂಗತಿ ಸದಾ ಕಾಡುತ್ತ ಬಂದಿದೆ. ಮನೆಯಲ್ಲಿ ಕನ್ನಡ ಮಾತನಾಡುವ ನಮ್ಮ ಮಕ್ಕಳು ತಮ್ಮ ಶಾಲೆಯ ಅಂಗಳದಲ್ಲಿ ಹುಲಿಗಳಂತೆ ಆಡುತ್ತಾರೆ. ಅವರೇ ಜಿಲ್ಲಾ ಪಂದ್ಯಕ್ಕೆಂದು ಕೊಲ್ಹಾಪುರದ ಮೈದಾನದಲ್ಲಿ ಇಳಿದೊಡನೆ ಮೈ ಹಿಡಿ ಮಾಡಿಕೊಳ್ಳುತ್ತಾರೆ. ಒಂದೆರಡು ಸೋಲುಗಳಾದ ಮೇಲೆ, ಒಂಬತ್ತನೆಯ ಅಥವಾ ಹತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ, ಅವರಲ್ಲಿ ಅನೇಕರು ಆಟವನ್ನೇ ಬಿಟ್ಟುಬಿಡುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ನಿಜ. ಹೀಗೆ ಕಳೆದುಹೋಗುವುದು ಬರಿಯ ಪದಕವಲ್ಲ. ತನ್ನಿಂದ ಆಗುತ್ತದೆ ಎಂಬ ನಂಬಿಕೆಯೂ ಕಳೆದುಹೋಗುತ್ತದೆ. ಆದುದರಿಂದ ಈ ಲೇಖನ ಆಟಗಾರರಿಗೆ ಎಷ್ಟೋ, ಅವರ ತಂದೆತಾಯಿಗಳಿಗೂ ಅಷ್ಟೇ.

1. ಆತ್ಮವಿಶ್ವಾಸ ಎಂದರೇನು?

ಆತ್ಮವಿಶ್ವಾಸವು ಹುಟ್ಟುಗುಣವೆಂದು ಹಲವರು ಭಾವಿಸುತ್ತಾರೆ. ಎದೆಯುಬ್ಬಿಸಿ ನಡೆಯುವುದು, ಗಟ್ಟಿಯಾಗಿ ಮಾತನಾಡುವುದು, ಎದುರಾಳಿಯನ್ನು ಹೀಯಾಳಿಸುವುದು ಇವನ್ನೇ ಆತ್ಮವಿಶ್ವಾಸವೆಂದು ತಿಳಿಯುವವರೂ ಉಂಟು. ಇವು ಹೆಚ್ಚೆಂದರೆ ಅದರ ವೇಷಗಳು. ನಾನೇ ಗೆಲ್ಲುತ್ತೇನೆ ಎಂಬುದು ಆತ್ಮವಿಶ್ವಾಸವಲ್ಲ. ಗೆಲುವು ನಮ್ಮೊಬ್ಬರ ಕೈಯಲ್ಲಿಲ್ಲ, ಎದುರಿಗಿರುವವನ ಕೈಯಲ್ಲಿಯೂ ಇದೆ. ನಾನು ಕಲಿತ ಈ ಕೆಲಸವನ್ನು ಇಲ್ಲಿ, ಈ ಹೊತ್ತಿನಲ್ಲಿ, ಸರಿಯಾಗಿ ಮಾಡಬಲ್ಲೆ ಎಂಬ ನಂಬಿಕೆಯೇ ಆತ್ಮವಿಶ್ವಾಸ.

ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ ಈ ನಂಬಿಕೆಯ ಕುರಿತು ಒಂದು ಸಿದ್ಧಾಂತವನ್ನು ಮುಂದಿಟ್ಟರು. ಅವರ ಪ್ರಕಾರ ಇದಕ್ಕೆ ನಾಲ್ಕು ಮೂಲಗಳು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡ ಅನುಭವ, ಇತರರ ಪ್ರೋತ್ಸಾಹದ ಮಾತು, ಮತ್ತು ತನ್ನ ದೇಹ-ಮನಸ್ಸುಗಳ ಆ ಹೊತ್ತಿನ ಸ್ಥಿತಿಯನ್ನು ತಾನು ಅರ್ಥಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದುದು. ಈ ನಾಲ್ಕನ್ನೂ ನಮ್ಮ ಸೀಮೆಯ ಉದಾಹರಣೆಗಳೊಂದಿಗೆ ಒಂದೊಂದಾಗಿ ನೋಡೋಣ.

2. ಮಾಡಿ ಕಂಡ ಅನುಭವ

ಕೊಲ್ಹಾಪುರದ ತಾಲೀಮುಗಳಲ್ಲಿ ಹೊಸ ಹುಡುಗನನ್ನು ಬಂದ ದಿನವೇ ದೊಡ್ಡ ಪೈಲ್ವಾನನ ಎದುರು ನಿಲ್ಲಿಸುವುದಿಲ್ಲ. ಮೊದಲು ಅವನು ಕೆಮ್ಮಣ್ಣನ್ನು ಅಗೆದು ಹದಮಾಡಬೇಕು, ದಂಡ-ಬೈಠಕ ಹೊಡೆಯಬೇಕು, ತನ್ನ ಜೋಡಿಯ ಹುಡುಗನೊಡನೆ ಒಂದೇ ಪಟ್ಟನ್ನು ನೂರು ಸಲ ಹಾಕಬೇಕು. ವಸ್ತಾದರು ಅವನಿಗೆ ಆತ್ಮವಿಶ್ವಾಸದ ಕುರಿತು ಭಾಷಣ ಮಾಡುವುದಿಲ್ಲ. ನೂರಾ ಒಂದನೆಯ ಸಲ ಆ ಪಟ್ಟು ತಾನಾಗಿಯೇ ಬಿದ್ದಾಗ ಹುಡುಗನ ಮುಖದಲ್ಲಿ ಕಾಣುವುದೇ ಆತ್ಮವಿಶ್ವಾಸ.

ಶಾಲೆಯಲ್ಲಿಯೂ ಇದೇ ಕ್ರಮ ನಡೆಯಬೇಕು. ಎತ್ತರ ಜಿಗಿತವನ್ನು ಕಲಿಸುವಾಗ ನಾನು ಅಡ್ಡಪಟ್ಟಿಯನ್ನು ಮಗು ಖಂಡಿತವಾಗಿ ದಾಟಬಲ್ಲ ಎತ್ತರಕ್ಕೆ ಮೊದಲು ಇಡುತ್ತಿದ್ದೆನು. ಅಲ್ಲಿಂದ ಎರಡೆರಡು ಸೆಂಟಿಮೀಟರಿನಂತೆ ಏರಿಸುತ್ತಿದ್ದೆನು. ದಾಟಲಾಗದ ಎತ್ತರ ಬಂದಾಗ ಮೂರು ಪ್ರಯತ್ನಗಳ ನಂತರ ಮತ್ತೆ ಒಂದು ಮೆಟ್ಟಿಲು ಕೆಳಗಿಳಿಸಿ, ಅದನ್ನು ದಾಟಿಸಿಯೇ ಮನೆಗೆ ಕಳುಹಿಸುತ್ತಿದ್ದೆನು. ದಿನದ ಅಭ್ಯಾಸವು ಸೋಲಿನಲ್ಲಿ ಮುಗಿಯಬಾರದು. ಕೈಗೆಟುಕಿದ ಒಂದು ಕೆಲಸದಲ್ಲಿ ಮುಗಿಯಬೇಕು. ಹನಿ ಹನಿ ಕೂಡಿದರೆ ಹಳ್ಳ ಎಂಬ ನಮ್ಮ ಹಿರಿಯರ ಗಾದೆ ಇಲ್ಲಿಗೂ ಸಲ್ಲುತ್ತದೆ.

ಇನ್ನೊಂದು ಸಾಧನವೆಂದರೆ ವಹಿ. ಪ್ರತಿಯೊಬ್ಬ ಆಟಗಾರನೂ ಒಂದು ನೂರು ಪುಟದ ವಹಿಯನ್ನು ಇಟ್ಟುಕೊಂಡು ಮೂರು ಸಂಗತಿಗಳನ್ನು ದಿನವೂ ಬರೆಯಬೇಕು: ಇಂದು ಎಷ್ಟು ಮಾಡಿದೆ, ಯಾವುದು ಚೆನ್ನಾಗಿ ಬಂತು, ನಾಳೆ ಯಾವುದನ್ನು ತಿದ್ದಬೇಕು. ಮನಸ್ಸು ಮರೆಗುಳಿ. ಸೋಲನ್ನು ತಿಂಗಳುಗಟ್ಟಲೆ ನೆನೆಯುತ್ತದೆ, ದುಡಿಮೆಯನ್ನು ಮರುದಿನವೇ ಮರೆಯುತ್ತದೆ. ಬರೆದಿಟ್ಟ ಅಂಕಿ ಮರೆಯುವುದಿಲ್ಲ. ಪಂದ್ಯದ ಹಿಂದಿನ ರಾತ್ರಿ ಎದೆ ಅಳುಕಿದಾಗ ದೊಡ್ಡವರ ಸಮಾಧಾನದ ಮಾತಿಗಿಂತ ತನ್ನದೇ ಕೈಬರಹದ ಆ ಪುಟಗಳು ಹೆಚ್ಚು ಧೈರ್ಯ ಕೊಡುತ್ತವೆ. ಇಚಲಕರಂಜಿಯ ಮಗ್ಗದ ಮನೆಗಳ ಮಕ್ಕಳಿಗೆ ನಾನು ಹೇಳುತ್ತಿದ್ದುದು ಇದನ್ನೇ: ಅಭ್ಯಾಸವೇ ಹಾಸು, ನಂಬಿಕೆಯೇ ಹೊಕ್ಕು. ಹಾಸಿಲ್ಲದ ಮಗ್ಗದಲ್ಲಿ ಎಷ್ಟು ಲಾಳಿ ಓಡಿಸಿದರೂ ಬಟ್ಟೆಯಾಗದು.

3. ನಮ್ಮಂಥವರನ್ನು ಕಂಡ ಅನುಭವ

ಎರಡನೆಯ ಮೂಲ ಆದರ್ಶ. ಆದರೆ ಆದರ್ಶವು ತೀರ ದೂರದ್ದಾದರೆ ಅದು ಬೆರಗನ್ನು ಹುಟ್ಟಿಸೀತೇ ಹೊರತು ನಂಬಿಕೆಯನ್ನಲ್ಲ. ನನ್ನಂಥ ಊರಿನ, ನನ್ನಂಥ ಮನೆಯ ಒಬ್ಬರು ಇದನ್ನು ಮಾಡಿದ್ದಾರೆ ಎಂದು ತಿಳಿದಾಗಲೇ ನನ್ನಿಂದಲೂ ಆದೀತು ಎಂಬ ಭಾವನೆ ಮೂಡುತ್ತದೆ. ಈ ದೃಷ್ಟಿಯಿಂದ ನಮ್ಮ ಸೀಮೆಯ ಮಕ್ಕಳು ಭಾಗ್ಯವಂತರು.

ರಾಜರ್ಷಿ ಶಾಹೂ ಮಹಾರಾಜರು ಕುಸ್ತಿಗೆ ರಾಜಾಶ್ರಯವಿತ್ತು, ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಸಿದ್ಧವಾದ ಈ ಮೈದಾನದ ಮಧ್ಯದ ಅಖಾಡ ಸುತ್ತಲಿನ ಎಲ್ಲ ಪ್ರೇಕ್ಷಕರಿಗೂ ಕಾಣುವಂತಿದೆ. ಭಾಷೆ, ಜಾತಿ, ಸೀಮೆಗಳ ಭೇದವಿಲ್ಲದೆ ಪೈಲ್ವಾನರು ಇಲ್ಲಿಗೆ ಬಂದರು. ಅವರಲ್ಲಿ ಒಬ್ಬರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಎಕ್ಸಂಬಾ ಗ್ರಾಮದ ಶ್ರೀಪತಿ ಖಂಚನಾಳೆಯವರು. ಗಡಿಯ ಆ ಕಡೆಯಿಂದ ಬಂದು ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿ, 1959ರಲ್ಲಿ ದಿಲ್ಲಿಯಲ್ಲಿ ಮೊತ್ತಮೊದಲ ಹಿಂದ್ ಕೇಸರಿ ಬಿರುದನ್ನು ಗೆದ್ದರು. 2020ರಲ್ಲಿ ಅವರು ತೀರಿಕೊಂಡಾಗ ಎರಡೂ ರಾಜ್ಯಗಳ ಕುಸ್ತಿಪ್ರಿಯರು ಕಂಬನಿ ಮಿಡಿದರು.

ಮುಂದಿನ ತಲೆಮಾರಿನಲ್ಲಿಯೂ ಕೊಲ್ಹಾಪುರವು ಬಂಜೆಯಾಗಲಿಲ್ಲ. ಈಜುಗಾರ ವೀರಧವಲ ಖಾಡೆಯವರು 16ನೆಯ ವಯಸ್ಸಿನಲ್ಲಿಯೇ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕ ಪಡೆದರು. ತೇಜಸ್ವಿನಿ ಸಾವಂತರು 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್ ವಿಭಾಗದ ವಿಶ್ವವಿಜೇತೆಯಾದರು. ರಾಹಿ ಸರ್ನೋಬತರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ಗಡಹಿಂಗ್ಲಜದ ಫುಟ್ಬಾಲ್ ಪ್ರೀತಿಯಂತೂ ಎಲ್ಲರಿಗೂ ತಿಳಿದದ್ದೇ. ಈ ಹೆಸರುಗಳು ಸಾಮಾನ್ಯಜ್ಞಾನದ ಪ್ರಶ್ನೆಗಳಾಗಿ ಉಳಿಯಬಾರದು. ಇವರು ಎಷ್ಟು ವರ್ಷ ಅಭ್ಯಾಸ ಮಾಡಿದರು, ಎಲ್ಲಿ ಸೋತರು, ಸೋತ ಮೇಲೆ ಏನು ಮಾಡಿದರು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಗೆಲುವಿನ ಚಿತ್ರವನ್ನಷ್ಟೇ ತೋರಿಸಿದರೆ ಮಗು ತನ್ನ ಮೊದಲ ಸೋಲಿನಲ್ಲಿಯೇ ತಾನು ಆ ಜಾತಿಯವನಲ್ಲ ಎಂದು ತೀರ್ಮಾನಿಸಿಬಿಡುತ್ತದೆ.

4. ಹಿರಿಯರ ಮಾತು ಮತ್ತು ನಡತೆ

ಮೂರನೆಯ ಮೂಲ ಪ್ರೋತ್ಸಾಹ. ಇದು ಎರಡು ಅಲಗಿನ ಕತ್ತಿ. ನೀನೇ ಗೆಲ್ಲುವೆ, ನಿನ್ನನ್ನು ಬಿಟ್ಟರೆ ಯಾರಿದ್ದಾರೆ ಎಂದು ಹೊಗಳಿ ಕಳುಹಿಸಿದ ಮಗು ಸೋತು ಬಂದಾಗ ಎರಡು ಹೊರೆಗಳನ್ನು ಹೊತ್ತಿರುತ್ತದೆ: ಸೋಲಿನದೊಂದು, ಹಿರಿಯರ ಮಾತನ್ನು ಸುಳ್ಳು ಮಾಡಿದುದೊಂದು. ಆದುದರಿಂದ ಹೊಗಳಿಕೆ ಫಲದ ಮೇಲೆ ನಿಲ್ಲದೆ ಕೆಲಸದ ಮೇಲೆ ನಿಲ್ಲಬೇಕು. ಬಹಳ ಜಾಣ ಎನ್ನುವುದಕ್ಕಿಂತ, ಇಂದು ಕೊನೆಯ ಸುತ್ತಿನಲ್ಲಿ ನಿನ್ನ ಕೈ ಬೀಸು ಸಡಿಲವಾಗಲಿಲ್ಲ ಎಂದರೆ ಮಗುವಿಗೆ ನಾಳೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ಕೆಲವೊಮ್ಮೆ ಮಾತಿಗಿಂತ ನಡತೆಯೇ ದೊಡ್ಡ ಪ್ರೋತ್ಸಾಹವಾಗುತ್ತದೆ. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು ಕೊಲ್ಹಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ಅವರಲ್ಲಿ ಹಣವಿರಲಿಲ್ಲ. ಊರವರು ವಂತಿಗೆ ಕೂಡಿಸಿದರು. ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿಗಳನ್ನು ಕೊಟ್ಟರು. ನೀನು ಮಾಡಬಲ್ಲೆ ಎಂದು ಬಾಯಲ್ಲಿ ಹೇಳುವವರು ಸಾವಿರ ಜನರಿದ್ದಾರು. ತಲೆಯ ಮೇಲಿನ ಸೂರನ್ನು ಪಣಕ್ಕಿಟ್ಟು ಹೇಳಿದವರು ಅವರು. ಪದಕದೊಡನೆ ಮರಳಿದ ಜಾಧವರು ಕುಸ್ತಿಗಳನ್ನು ಏರ್ಪಡಿಸಿ, ಗುರುಗಳ ಸಾಲ ತೀರುವಂತೆ ಮಾಡಿದರೆಂಬುದು ನಮ್ಮ ಸೀಮೆಯಲ್ಲಿ ಇಂದಿಗೂ ಹೇಳುವ ಮಾತು. ನಮ್ಮಿಂದ ಅಷ್ಟು ಆಗದಿದ್ದರೆ ಬೇಡ. ಮಗುವಿನ ಪಂದ್ಯವನ್ನು ನೋಡಲು ಒಂದು ಬೆಳಗು ಬಿಡುವು ಮಾಡಿಕೊಂಡು ಹೋಗುವುದೂ ಒಂದು ಪ್ರೋತ್ಸಾಹವೇ.

5. ದೇಹದ ಕರೆಯನ್ನು ಅರಿಯುವುದು

ಪಂದ್ಯಕ್ಕೆ ಮುನ್ನ ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ಕಳವಳವಾಗುತ್ತದೆ. ಇದನ್ನು ಕಂಡು ತನಗೆ ಭಯವಾಗಿದೆ, ಇನ್ನು ಕೆಟ್ಟೆ ಎಂದು ಮಗು ಹೆದರುತ್ತದೆ. ವಾಸ್ತವವಾಗಿ ಇದು ದೇಹ ಸಿದ್ಧವಾಗುತ್ತಿರುವ ಲಕ್ಷಣ. ಸ್ನಾಯುಗಳಿಗೆ ಹೆಚ್ಚು ರಕ್ತ ಒದಗಿಸಲು ಹೃದಯ ಬಿರುಸಾಗಿ ಬಡಿಯುತ್ತದೆ. ಅನುಭವಿಗಳಿಗೂ ಹೀಗೆಯೇ ಆಗುತ್ತದೆ. ಅವರು ಅದನ್ನು ಬೇರೆ ರೀತಿಯಲ್ಲಿ ಓದಿಕೊಳ್ಳುತ್ತಾರೆ, ಅಷ್ಟೇ.

ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ ಕುಸಾಳೆಯವರ ಉದಾಹರಣೆ ಇಲ್ಲಿ ಮನನೀಯ. 2023ರಲ್ಲಿ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಅಂತಿಮ ಸುತ್ತಿನಲ್ಲಿ ಅವರು ಮುಂದಿದ್ದರು. ಒಂದೇ ಒಂದು ಗುಂಡು ಗುರಿಯಿಂದ ದೂರ ಹೋಗಿ ವೈಯಕ್ತಿಕ ಪದಕ ಕೈತಪ್ಪಿತು; ನಾಲ್ಕನೆಯ ಸ್ಥಾನ ಬಂತು. ಮರುವರ್ಷ, 2024ರ ಆಗಸ್ಟ್ 1ರಂದು, ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಅಂತಿಮ ಸುತ್ತು. ಆ ದಿನ ತಮ್ಮ ಎದೆಬಡಿತ ಬಹಳ ಜೋರಾಗಿತ್ತೆಂದೂ, ಉಸಿರನ್ನು ಹಿಡಿತಕ್ಕೆ ತಂದುಕೊಂಡು, ಹೊಸದೇನನ್ನೂ ಮಾಡಹೋಗದೆ, ಅಂಕಪಟ್ಟಿಯ ಕಡೆಗೆ ನೋಡದೆ ಗುಂಡು ಹಾರಿಸಿದೆನೆಂದೂ ಅವರು ಆಮೇಲೆ ಹೇಳಿದರು. ಮಂಡಿಯೂರಿದ ಭಂಗಿಯ ನಂತರ ಹಿಂದಿದ್ದವರು ಮೆಲ್ಲಮೆಲ್ಲನೆ ಮೇಲೇರಿ 451.4 ಅಂಕಗಳೊಡನೆ ಕಂಚಿನ ಪದಕ ಪಡೆದರು.

ಇಲ್ಲಿ ಕಲಿಯಬೇಕಾದ ಪಾಠ ಮೂರು. ಒಂದು, ಬಿರುಸಾದ ಎದೆಬಡಿತ ಇದ್ದರೂ ಕೆಲಸ ಸಾಗುತ್ತದೆ. ಎರಡು, ಉಸಿರು ನಮ್ಮ ಕೈಯಲ್ಲಿರುವ ಕಡಿವಾಣ. ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ದೀರ್ಘ ಮಾಡಿದರೆ ಮನಸ್ಸು ತಣಿಯುತ್ತದೆ. ಮೂರು, ಫಲದ ಕಡೆಗೆ ಹೊರಳುವ ಕಣ್ಣನ್ನು ಕೈಯಲ್ಲಿರುವ ಕೆಲಸದ ಕಡೆಗೆ ತಿರುಗಿಸಬೇಕು. ಇದಕ್ಕೆ ಒಂದೆರಡು ಚಿಕ್ಕ ಪದಗಳು ನೆರವಾಗುತ್ತವೆ. ಓಟಗಾರ್ತಿಗೆ ‘ಭುಜ ಸಡಿಲ’, ಕುಸ್ತಿಯ ಹುಡುಗನಿಗೆ ‘ಕಾಲು ನೋಡು’, ಖೋ ಖೋ ಆಡುವವರಿಗೆ ‘ಬಗ್ಗು, ತಿರುಗು’. ಆ ಪದಗಳು ತಾಯ್ನುಡಿಯಲ್ಲಿದ್ದರೆ ಒಳ್ಳೆಯದು. ಗಾಬರಿಯ ಹೊತ್ತಿನಲ್ಲಿ ಮನಸ್ಸು ಮೊದಲು ಹುಡುಕುವುದು ತಾಯಿಯ ಮಾತನ್ನೇ.

6. ಅಪರಿಚಿತದ ಭಯ

ಸೀಮೆಯ ಮಕ್ಕಳು ಹೊರಗಿನ ಮೈದಾನದಲ್ಲಿ ಕುಗ್ಗುವುದೇಕೆ ಎಂಬ ಪ್ರಶ್ನೆಗೆ ಈಗ ಬರೋಣ. ನನ್ನ ಅನುಭವದಲ್ಲಿ ಅದರ ಬಹುಪಾಲು ಶಕ್ತಿಯ ಕೊರತೆಯಲ್ಲ, ಪರಿಚಯದ ಕೊರತೆ. ಖಾಶಾಬಾ ಜಾಧವರು 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರು ಮಣ್ಣಿನ ಪೈಲ್ವಾನರು. ಚಾಪೆಯ ಮೇಲಿನ ಕುಸ್ತಿಯೂ ಅದರ ಅಂತಾರಾಷ್ಟ್ರೀಯ ನಿಯಮಗಳೂ ಅವರಿಗೆ ಹೊಸವು. ಆದರೂ ಆರನೆಯ ಸ್ಥಾನ ಪಡೆದರು. ಸೋತೆನೆಂದು ಕೈಚೆಲ್ಲದೆ, ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳುವುದರಲ್ಲಿ ಮುಂದಿನ ನಾಲ್ಕು ವರ್ಷ ಕಳೆದರು. 1952ರ ತಂಡದ ಆಯ್ಕೆಯಲ್ಲಿ ತಮಗೆ ಅನ್ಯಾಯವಾಯಿತೆಂದು ಅನಿಸಿದಾಗ ಪಟಿಯಾಲದ ಮಹಾರಾಜರಲ್ಲಿ ಮೊರೆಯಿಟ್ಟು, ಮತ್ತೆ ಕುಸ್ತಿಯಾಡಿ ಗೆದ್ದು ಸ್ಥಾನ ಪಡೆದರು. ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ತನ್ನ ದುಡಿಮೆಯ ಲೆಕ್ಕ ತನಗೆ ಗೊತ್ತಿದ್ದವನು ಮಾತ್ರ ಹಾಗೆ ಧೈರ್ಯವಾಗಿ ಇನ್ನೊಂದು ಪರೀಕ್ಷೆಯನ್ನು ಕೇಳಬಲ್ಲನು.

ನಮ್ಮ ಮಕ್ಕಳಿಗೂ ಇದೇ ದಾರಿ. ಪಂದ್ಯಕ್ಕೆ ಒಂದು ದಿನ ಮುಂಚೆ, ಆಗದಿದ್ದರೆ ಒಂದು ತಾಸು ಮುಂಚೆಯಾದರೂ ಮೈದಾನಕ್ಕೆ ಕರೆದೊಯ್ದು ನಡೆದಾಡಿಸಬೇಕು. ನೆಲ ಗಟ್ಟಿಯೋ ಮೆತ್ತಗೋ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಓಟ ಎಲ್ಲಿಂದ ಆರಂಭ ಎಂಬುದನ್ನು ತೋರಿಸಬೇಕು. ಪಂಚರು ಮರಾಠಿಯಲ್ಲಿ ಕೂಗುವ ಸೂಚನೆಗಳನ್ನೂ, ನಿಯಮದ ಇಂಗ್ಲಿಷ್ ಪದಗಳನ್ನೂ ಶಾಲೆಯ ಅಂಗಳದಲ್ಲಿಯೇ ರೂಢಿ ಮಾಡಿಸಬೇಕು. ಕನ್ನಡ ಮನೆಮಾತಿನ ಮಗು ಮರಾಠಿಯಲ್ಲಿ ಸಂದೇಹ ಕೇಳಲು ನಾಚಿಕೊಂಡು ಕರೆ ಕೇಳಿಸದೆ ಹೊರಗುಳಿದುದನ್ನು ನಾನು ಕಂಡಿದ್ದೇನೆ. ಆ ಮಗುವಿನ ಕಾಲಿನಲ್ಲಿ ಕೊರತೆಯಿರಲಿಲ್ಲ.

7. ಸೋಲಿನ ನಂತರ

ಆತ್ಮವಿಶ್ವಾಸವನ್ನು ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಇಚಲಕರಂಜಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳಿದ್ದಳು. ತಂದೆ ಯಂತ್ರಮಗ್ಗದ ಕಾರ್ಮಿಕರು. 800 ಮೀಟರ್ ಓಟದಲ್ಲಿ ತಾಲೂಕಿಗೆ ಎರಡನೆಯವಳಾಗಿ ಜಿಲ್ಲೆಗೆ ಹೋದಳು. ಅಲ್ಲಿ ಹಿಂದಿನಿಂದ ಎರಡನೆಯವಳಾಗಿ ಬಂದಳು. ಮರುದಿನದಿಂದ ಅಭ್ಯಾಸಕ್ಕೆ ಬರಲಿಲ್ಲ. ನಾನು ಮನೆಗೆ ಹೋದಾಗ ತಂದೆ ಹೇಳಿದರು: “ಸಾಕು ಬಿಡ್ರಿ ಸರ್, ನಾಲ್ಕು ಮಂದಿ ಮುಂದ ಹುಡುಗಿ ಮಾನ ಹೋಗೂದು ಬ್ಯಾಡ.” ನಾನು ವಾದ ಮಾಡಲಿಲ್ಲ. ಆಕೆಯ ವಹಿಯನ್ನು ತರಿಸಿ ಅವರ ಕೈಗೆ ಕೊಟ್ಟೆನು. ಜೂನ್ ತಿಂಗಳಲ್ಲಿ ಆಕೆಯ ಸಮಯ 3 ನಿಮಿಷ 12 ಸೆಕೆಂಡು. ಎಲ್ಲರೂ ಸೋಲೆಂದ ಆ ದಿನದ ಸಮಯ 2 ನಿಮಿಷ 51 ಸೆಕೆಂಡು. ಆಕೆ ತನ್ನ ಜೀವನದ ಅತಿ ವೇಗದ ಓಟವನ್ನು ಓಡಿದ್ದು ಸೋತ ದಿನವೇ. ತಂದೆ ಆ ಪುಟವನ್ನು ಎರಡು ಸಲ ನೋಡಿ, “ನಾಳೆ ಎಷ್ಟಕ್ಕ ಕಳಸಬೇಕ್ರಿ?” ಎಂದು ಕೇಳಿದರು.

ಮರುವರ್ಷ ಆಕೆ ಜಿಲ್ಲೆಗೆ ನಾಲ್ಕನೆಯವಳಾದಳು. ಪದಕ ಬರಲಿಲ್ಲ. ಆದರೆ ಕೆಲವು ವರ್ಷಗಳ ನಂತರ ಪೊಲೀಸ್ ಭರತಿಯ ಓಟದಲ್ಲಿ ಉತ್ತೀರ್ಣಳಾಗಿ ಸಮವಸ್ತ್ರ ತೊಟ್ಟು ಪೇಢೆ ಕೊಡಲು ಬಂದಳು. ಸೋಲಿನ ನಂತರ ಕೇಳಬೇಕಾದ ಪ್ರಶ್ನೆಗಳನ್ನು ಆಕೆಯಿಂದ ನಾನು ಕಲಿತೆನೆಂದರೂ ಸಲ್ಲುತ್ತದೆ. ನನ್ನ ಹಿಂದಿನ ನನಗಿಂತ ನಾನು ಮುಂದೆ ಹೋದೆನೇ? ಯಾವ ಒಂದು ಸಂಗತಿ ನನ್ನನ್ನು ಹಿಂದಿಕ್ಕಿತು? ಅದನ್ನು ತಿದ್ದಲು ನಾಳೆ ಬೆಳಿಗ್ಗೆ ಏನು ಮಾಡಲಿ? ಈ ಮೂರಕ್ಕೆ ಉತ್ತರ ಬರೆದ ಮೇಲೆ ಆ ಪುಟವನ್ನು ಮಗುಚಬೇಕು. ಅಳುವುದಿದ್ದರೆ ಅಂದೇ ಅಳಬೇಕು. ತೀರ್ಮಾನವನ್ನು ಮಾತ್ರ ಅಂದು ಮಾಡಬಾರದು.

ಗಾಯವಾದಾಗ, ಅಥವಾ ಎಷ್ಟು ದುಡಿದರೂ ಪ್ರಗತಿ ಕಾಣದ ತಿಂಗಳುಗಳಲ್ಲಿ, ತಾಳ್ಮೆಯೇ ಆತ್ಮವಿಶ್ವಾಸದ ರೂಪ ತಾಳುತ್ತದೆ. 2010ರಲ್ಲಿಯೇ ವಿಶ್ವವಿಜೇತೆಯಾದ ತೇಜಸ್ವಿನಿ ಸಾವಂತರಿಗೆ ಒಲಿಂಪಿಕ್ಸ್‌ನಲ್ಲಿ ಆಡುವ ಅವಕಾಶ ಒದಗಿದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಆಗ ಅವರಿಗೆ 40 ವರ್ಷ. ಹನ್ನೊಂದು ವರ್ಷ ಬಾಗಿಲು ತೆರೆಯದಿದ್ದರೂ ಅಭ್ಯಾಸವನ್ನು ಬಿಡದೆ ನಡೆದವರ ನಂಬಿಕೆಗೆ ಚಪ್ಪಾಳೆ ಆಧಾರವಾಗಿರಲು ಸಾಧ್ಯವಿಲ್ಲ; ಅದಕ್ಕೆ ದಿನದಿನದ ಕೆಲಸವೇ ಆಧಾರ.

8. ನಮ್ಮ ಕರ್ತವ್ಯ

ಸುವರ್ಣ ಮಹೋತ್ಸವದ ಈ ಸಂಭ್ರಮದಲ್ಲಿ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡಬಹುದೆಂದು ಕೇಳುತ್ತಿದ್ದಾರೆ. ಕಟ್ಟಡಕ್ಕೆ ಕೊಡುವವರು ಕೊಡಲಿ. ನನ್ನ ಕೋರಿಕೆ ಚಿಕ್ಕದು. ಜಿಗಿತದ ಹೊಂಡಕ್ಕೆ ಪ್ರತಿವರ್ಷ ಹೊಸ ಮರಳು, ಎರಡು ಸ್ಟಾಪ್‌ವಾಚು, ಆಡುವ ಪ್ರತಿಯೊಂದು ಮಗುವಿಗೆ ಒಂದು ವಹಿ, ಜಿಲ್ಲಾ ಪಂದ್ಯಕ್ಕೆ ಒಂದು ದಿನ ಮುಂಚಿತವಾಗಿ ಹೋಗಿ ಬರುವ ಬಸ್ಸಿನ ಖರ್ಚು. ಇದರೊಡನೆ ಆಟ ಬಿಟ್ಟ ಮಗುವಿನ ಮನೆಗೆ ಹೋಗಿ, ಜಗಲಿಯ ಮೇಲೆ ಕುಳಿತು ಮಾತನಾಡುವ ಒಬ್ಬ ಹಿರಿಯರು. ಆತ್ಮವಿಶ್ವಾಸವನ್ನು ಯಾರೂ ಯಾರಿಗೂ ದಾನವಾಗಿ ಕೊಡಲಾರರು. ಅದನ್ನು ಗಳಿಸಿಕೊಳ್ಳುವ ಅಂಗಳವನ್ನು ಮಾತ್ರ ಕೊಡಬಹುದು. ಐವತ್ತು ವರ್ಷಗಳಿಂದ ನಮ್ಮ ಶಾಲೆ ಆ ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ ಇಟ್ಟಿದೆ. ಅದರಲ್ಲಿ ಇಳಿಯುವ ಮಕ್ಕಳಿಗೆಲ್ಲ ಶುಭವಾಗಲಿ.